ಆಟದ ಅಕ್ಕೋರು ರಸ್ತೆಗಿಳಿದ ಗುರುವಾರ

ನಿನ್ನೆ ಮಗಳ ಶಾಲೆಯ ಮೈದಾನಕ್ಕೆ ನೀರು ಹೊಡೆದು, ಹಸಿ ಮಣ್ಣಿನ ಮೇಲೆ ಸುಣ್ಣದ ಪುಡಿಯ ಗೆರೆ ಎಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಆಟದ ಅಕ್ಕೋರು ಕಣ್ಣ ಮುಂದೆ ನಿಂತರು... ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊರಳಲ್ಲಿ ಸೀಟಿ ಹಾಕಿಕೊಂಡು.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವರ ಮನೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. "ಧಾರವಾಡಕ್ಕ ಹೋಗಿ ಬಂದಾಕಿ" ಎಂದು ಓಣಿಯವರು ಪಿಸುಗುಡುತ್ತಿದ್ದರು. ನಮ್ಮ ಕಡೆ ಹಾಗೆಂದರೆ ಹುಚ್ಚಿನ ದವಾಖಾನೆಗೆ ಹೋಗಿದ್ದವಳು ಎಂದೇ ಅರ್ಥ. ಅವರು ಅದನ್ನು ಮುಚ್ಚಿಟ್ಟವರೇ ಅಲ್ಲ.

"ಹೌದವಾ, ಹೋಗಿದ್ನಿ. ಆರಾಮಾಗಿ ಬಂದೀನಿ. ಕಾಲು ಮುರದ್ರ ದವಾಖಾನಿಗೆ ಹೋಗಂಗಿಲ್ಲೇನು?"

ನನ್ನ ಎರಡನೇ ಕೂಸು ಹುಟ್ಟಿ ಉಳಿಯಲಿಲ್ಲ. ಆಮೇಲೆ ನಾನು ತಲೆ ಬಾಚುವುದನ್ನೂ ಬಿಟ್ಟೆ. ಮಗಳು "ಅವ್ವಾ" ಎಂದು ಕರೆದರೆ ಎಲ್ಲೋ ದೂರದಿಂದ ಕೇಳಿದಂತಾಗುತ್ತಿತ್ತು... ಒಂದು ಮಧ್ಯಾಹ್ನ ಅಕ್ಕೋರು ಮನೆಗೆ ಬಂದು, ಅತ್ತೆಯ ಎದುರೇ ನನ್ನ ಕೈ ಹಿಡಿದೆಬ್ಬಿಸಿ ಸಮುದಾಯ ಭವನಕ್ಕೆ ಕರೆದೊಯ್ದರು.

ಅಲ್ಲಿ ಗುರುವಾರಕ್ಕೊಮ್ಮೆ ಅವರು ನನ್ನಂಥ ಹೆಂಗಸರನ್ನು ಸೇರಿಸುತ್ತಿದ್ದರು. ಮೊದಲು ದುಂಡಗೆ ಕೂತು ಮಾತು. ಹೇಳುವವರು ಹೇಳಬೇಕು, ಉಳಿದವರು ಕೇಳಬೇಕು. ಯಾರೂ ಬುದ್ಧಿ ಹೇಳುವಂತಿಲ್ಲ. ಗುಳಿಗೆ ತೆಗೆದುಕೊಳ್ಳುವವರು ನಾಚಿಕೆಯಿಂದ ಅದನ್ನು ನಿಲ್ಲಿಸುವಂತಿಲ್ಲ. ಆಮೇಲೆ ಅಂಗಳದಲ್ಲಿ ಖೋ ಖೋ! ನಾನು ಮಾತ್ರ ಎಷ್ಟೋ ವಾರ ಗೋಡೆಗೊರಗಿ ಸುಮ್ಮನೆ ಕೂತಿದ್ದೆ.

ಒಂದು ಗುರುವಾರ ಗೇಟಿಗೆ ಕೀಲಿ ಬಿದ್ದಿತ್ತು. ಭವನ ನೋಡಿಕೊಳ್ಳುವ ಹಿರಿಯರು ಅಡ್ಡ ನಿಂತಿದ್ದರು.

"ಅಕ್ಕೋರ, ಇದು ಹುಚ್ಚರ ಸಂತಿ ಅಂತ ಮಂದಿ ಆಡ್ಕೊಳ್ಳಾಕತ್ಯಾರ್ರಿ. ನಾಳೆ ಈ ಓಣಿ ಹುಡುಗ್ಯಾರಿಗೆ ಗಂಡು ಬರೂದು ಹೆಂಗ?"

"ಮಂದಿ ಮಾತು ಕೇಳಿ ಕೇಳೇ ನಾವು ಈ ಗತಿಗೆ ಬಂದೇವ್ರಿ. ಇನ್ನ ಕೇಳಂಗಿಲ್ಲ," ಎಂದರು ಅಕ್ಕೋರು. ನಮ್ಮತ್ತ ತಿರುಗಿ ಸೀಟಿ ಊದಿದರು. "ಸಾಲಾಗಿ ಕೂಡ್ರಿ. ರಸ್ತಾ ಐತಲ್ಲ!"

ನಡುರಸ್ತೆಯಲ್ಲೇ ಅರ್ಧ ಜನ ಸಾಲಾಗಿ ಕೂತರು, ಉಳಿದವರು ಓಡಲು ನಿಂತರು. ಅಂದು ಒರಗಲು ಗೋಡೆ ಇರಲಿಲ್ಲ; ನಾನೂ ಕೂತೆ. ಯಾರೋ ಬೆನ್ನಿಗೆ ಬಡಿದು "ಖೋ!" ಎಂದರು. ಎದ್ದೆ. ಓಡಿದೆ. ಓಡುತ್ತ ಅಳುತ್ತಲೂ ಇದ್ದೆ. ಎರಡೂ ಕಡೆ ಟಂಟಂ ಆಟೋಗಳು ನಿಂತು ಹಾರ್ನ್ ಹೊಡೆಯತೊಡಗಿದವು. ನೆರೆದ ಜನರ ನಡುವಿನಿಂದ ಒಂದು ದನಿ ಎದ್ದಿತು: "ಬಿಡಬ್ಯಾಡ ಆಕಿನ್ನ! ಮುಟ್ಟ, ಮುಟ್ಟ!" ತಿರುಗಿದರೆ ನನ್ನ ಅತ್ತೆ. ನನ್ನನ್ನು ಮನೆಗೆ ಎಳೆದೊಯ್ಯಲೆಂದು ಬಂದಿದ್ದರಂತೆ.

ಹಿರಿಯರು ಕೊನೆಗೆ ಕೀಲಿ ತೆಗೆದರು. ಮನಸ್ಸು ಕರಗಿ ಅಲ್ಲ, ಟಂಟಂನವರ ಬೈಗುಳ ತಾಳಲಾರದೆ. ಅಕ್ಕೋರೇನೂ ಅವಸರ ಮಾಡಲಿಲ್ಲ. ಆಟ ಮುಗಿಸಿಯೇ ಒಳಗೆ ಹೋದರು.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಬಂದಿದ್ದ ಒಬ್ಬಾಕೆ, "ಪಾಪ, ತಲಿ ನೆಟ್ಟಗಿರಲಿಲ್ಲ" ಎಂದಳು. "ನಿನಗಿಂತ ನೆಟ್ಟಗಿತ್ತವಾ" ಎಂದವರು ನನ್ನ ಅತ್ತೆ.

ಗುಂಪು ಈಗಲೂ ಸೇರುತ್ತದೆ. ಮೊನ್ನೆ ಪಕ್ಕದ ಮನೆಗೆ ಬಾಡಿಗೆಗೆ ಬಂದವಳು, ಗುರುವಾರ ಎಲ್ಲಿಗೆ ಹೋಗುತ್ತೀರೆಂದು ಕೇಳಿದಳು. "ಮನಸ್ಸಿಗೆ ಜಡ್ಡಾಗಿತ್ತು, ಅದಕ್ಕ ಹೋಗಾಕ ಹತ್ತಿದ್ನಿ. ಈಗೂ ಹೋಗ್ತೇನಿ" ಎಂದೆ, ಎದುರಿನ ಕಟ್ಟೆಯವರಿಗೂ ಕೇಳುವಂತೆ. ಯಾರೂ ನಗಲಿಲ್ಲ. ನಕ್ಕಿದ್ದರೂ ನಡೆಯುತ್ತಿತ್ತು. ಇದನ್ನು ಅಕ್ಕೋರಿಗೆ ಹೇಳಲೇಬೇಕೆಂದು ಚಪ್ಪಲಿ ಮೆಟ್ಟಿ ಹೊರಟೆ... ಅವರ ಮನೆಯ ಬಾಗಿಲವರೆಗೂ ಹೋಗಿಬಿಟ್ಟಿದ್ದೆ.