ಗಾರ್ಡ್ ಮಾಮನ ಪಡಸಾಲೆ ರೈಲು

ಮೊನ್ನೆ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕುಳಿತಿದ್ದೆ. ಹುಡುಗ ಕಾಯಿಸಿದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಅದ್ದಿದ, ಚುಂಯ್ ಎಂದು ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತೇ ಹೋಯಿತು. ಹೊಸಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಪಡಸಾಲೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ನಾನು ಆ ಬೀದಿಗೆ ಸೊಸೆಯಾಗಿ ಬಂದದ್ದು ಮದ್ರಾಸ್ ಸರ್ಕಾರದ ಕಾಲದಲ್ಲಿ, ಯುದ್ಧ ನಡೆಯುತ್ತಿದ್ದಾಗ. ಪಕ್ಕದ ಮನೆಯವರು ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ಇಡೀ ಬೀದಿಗೇ ಅವರು ಗಾರ್ಡ್ ಮಾಮ, ಅವರ ಹೆಂಡತಿ ಮಾಮಿ. ಮಕ್ಕಳಿರಲಿಲ್ಲ. ನಿವೃತ್ತರಾದ ಗಂಡಸರು ಪುರಾಣ ಕೇಳುತ್ತಾರೆ, ಇಲ್ಲವೇ ಸೊಸೆಯಂದಿರ ತಪ್ಪು ಹುಡುಕುತ್ತಾರೆ. ಮಾಮ ರೈಲು ಕಟ್ಟಿದರು.

ಪಡಸಾಲೆಯ ಮುಕ್ಕಾಲು ಭಾಗವನ್ನು ಒಂದು ಹಲಗೆ ನುಂಗಿತ್ತು. ಅದರ ಮೇಲೆ ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಡಿಚಿ ಬೆಸುಗೆ ಹಾಕಿದ ಹಳಿ, ಅದರಡಿ ಬಿದಿರಿನ ಸೀಳುಗಳ ಸ್ಲೀಪರು. ಇಂಜಿನ್ನಿನ ಹೊಟ್ಟೆಯಲ್ಲಿ ಹಳೆಯ ಗ್ರಾಮಫೋನಿನ ಸ್ಪ್ರಿಂಗು. ಸಂಡೂರಿನ ಕೆಂಪು ಮಣ್ಣು ಬಳಿದ ಕಾಗದದ ಗುಡ್ಡಗಳು, ಹಂಪಿಯಿಂದ ಆರಿಸಿ ತಂದ ಕಲ್ಲುಗಳನ್ನು ಪೇರಿಸಿ ಮಾಡಿದ ಬಂಡೆಗಳು, ಕಂಪ್ಲಿಯ ಗದ್ದೆಗೆ ಹಸಿರು ಬಣ್ಣ ಕಲಸಿದ ಮರದ ಪುಡಿ. ಕಂಪ್ಲಿಗೆ ರೈಲೇ ಹೋಗುವುದಿಲ್ಲವಲ್ಲ ಎಂದು ನಾನು ಕೇಳಿದರೆ, "ನನ್ನ ರೈಲು ಹೋಗ್ತದವಾ" ಎಂದು ನಕ್ಕರು.

ಆ ರೈಲನ್ನು ಕಟ್ಟುವುದಕ್ಕಿಂತ ಸಾಕುವುದು ಕಷ್ಟವಾಗಿತ್ತು. ಬೇಸಿಗೆಯಲ್ಲಿ ತಗಡು ಹಿಗ್ಗಿ ತಿರುವಿನಲ್ಲಿ ಇಂಜಿನ್ ಮಗುಚುತ್ತಿತ್ತು. ಮಳೆಗಾಲದಲ್ಲಿ ತುಕ್ಕು, ವರ್ಷವಿಡೀ ಧೂಳು, ಸುರಂಗದಲ್ಲಿ ಹಲ್ಲಿಯ ಸಂಸಾರ. ಮಾಮ ದಿನಾ ಸಂಧ್ಯಾವಂದನೆ ಮುಗಿಸಿದವರೇ ಎಣ್ಣೆಬಟ್ಟೆ ಹಿಡಿದು ಹಳಿ ಒರೆಸಲು ಕೂಡುತ್ತಿದ್ದರು. ಮಾಮಿಗೆ ಅದು ಸವತಿ. "ಬಂದವ್ರು ಎಲ್ಲಿ ಕುಂದ್ರಬೇಕ್ರಿ, ನಿಮ್ಮ ಟೇಸನ್ನಿನಾಗ?" ಎಂದು ಎಲ್ಲರೆದುರಿಗೇ ಚುಚ್ಚುತ್ತಿದ್ದರು. ದಸರೆಯ ಗೊಂಬೆಗಳನ್ನು ಪಡಸಾಲೆಯಲ್ಲಿ ಕೂರಿಸಲು ಜಾಗವಿಲ್ಲದೆ ಒಳಗಿನ ಕತ್ತಲೆ ಕೋಣೆಯಲ್ಲಿ ಕೂರಿಸಬೇಕಾಗಿತ್ತಲ್ಲ, ಆ ಸಿಟ್ಟು ಬೇರೆ.

ನಲವತ್ತೆರಡರಲ್ಲಿ ಸ್ವಾತಂತ್ರ್ಯ ಚಳವಳಿ ಜೋರಾಯಿತು. ಎಲ್ಲೋ ಹಳಿ ಕಿತ್ತರಂತೆ, ಎಲ್ಲೋ ತಂತಿ ಕತ್ತರಿಸಿದರಂತೆ ಎಂದು ದಿನಕ್ಕೊಂದು ಸುದ್ದಿ. ತುಂಗಭದ್ರೆಯ ರೈಲು ಸೇತುವೆಗೆ ಕಾವಲು ಬಿತ್ತು. ಹಿಂದಿನ ಬೀದಿಯ ಒಬ್ಬ ಹುಡುಗನ ಮನೆಯಲ್ಲಿ ಸ್ಪ್ಯಾನರ್ ಸಿಕ್ಕಿತೆಂದು ಅವನನ್ನು ಬಳ್ಳಾರಿ ಜೈಲಿಗೆ ಒಯ್ದರು. ಮಾಮನ ಹಲಗೆಯ ಮೇಲೆ ಆಗ ಅದೇ ಸೇತುವೆ ಏಳುತ್ತಿತ್ತು, ಕಂಬಕ್ಕೆ ಕಂಬ, ತೊಲೆಗೆ ತೊಲೆ... ಪೊಲೀಸರ ಕಣ್ಣಿಗೆ ಬಿದ್ದರೆ ಸೇತುವೆ ಉರುಳಿಸಲು ಮಾಡಿಕೊಂಡ ಮಾದರಿ ಎನ್ನದೆ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪೊಲೀಸರು ನಮ್ಮ ಬೀದಿಗೇ ಬಂದು ಮನೆ ಮನೆ ಶೋಧಿಸತೊಡಗಿದರು. ನಾನು ಹಿತ್ತಿಲಿನಿಂದ ಮಾಮನ ಮನೆಗೆ ಓಡಿದೆ.

"ಮಾಮಾ, ಪೊಲೀಸ್ರು! ಎಲ್ಡು ಮನಿ ಆಚೆ ಇದ್ದಾರ್ರಿ!"

ಮಾಮ ಸೇತುವೆಯನ್ನು ಎದೆಗವಚಿಕೊಂಡು ನಿಂತುಬಿಟ್ಟರು. ಒಲೆಗೆ ಹಾಕೋಣವೆಂದರೆ ತಗಡು ಸುಡುವುದಿಲ್ಲ. ಹಲಗೆಯನ್ನು ಒಳಗೇ ಕಟ್ಟಿದ್ದರಿಂದ ಅದು ಬಾಗಿಲು ದಾಟುವಂತಿರಲಿಲ್ಲ. ಅಡುಗೆಮನೆಯಿಂದ ಬಂದ ಮಾಮಿ ಗಂಡನ ಮುಖವನ್ನೊಮ್ಮೆ ನೋಡಿದರು.

"ಅಟ್ಟದ ಮ್ಯಾಲಿನ ಟ್ರಂಕು ಇಳಸವಾ" ಎಂದರು ನನಗೆ.

ಅದು ಗೊಂಬೆಗಳ ಟ್ರಂಕು, ಆಗ ಪಿತೃಪಕ್ಷ. ಹಿರಿಯರಿಗೆ ಮೀಸಲಾದ ಆ ಹದಿನೈದು ದಿನ ಯಾವ ಮಂಗಳದ ವಸ್ತುವನ್ನೂ ಮುಟ್ಟುವಂತಿಲ್ಲ. ಅದರಲ್ಲೂ ಪಟ್ಟದ ಗೊಂಬೆಗಳು, ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ–ರಾಣಿ, ಗಂಡ–ಹೆಂಡಿರ ಆಯುಷ್ಯವೇ ಅವುಗಳಲ್ಲಿದೆ ಎಂದು ಮಾಮಿಯೇ ನನಗೆ ಹೇಳಿಕೊಟ್ಟಿದ್ದರು.

"ಪಕ್ಷ ಅಲ್ರೀ, ಮಾಮಿ?"

"ಗೊತ್ತದ. ಇಳಸು."

ರೈಲನ್ನೇ ದಸರೆಯ ಗೊಂಬೆ ಆಟದಂತೆ ಕಾಣಿಸಲು ಮಾಮಿ ರಾಜನನ್ನು ಹಳಿಯ ಈಚೆ, ರಾಣಿಯನ್ನು ಆಚೆ ನಿಲ್ಲಿಸಿದರು. ಸ್ಟೇಷನ್ನಿನ ಮುಂದೆ ಶೆಟ್ಟಿ ಗೊಂಬೆ ಕೂತಿತು. ಸ್ಟೇಷನ್ನಿಗಿಂತ ಶೆಟ್ಟಿಯ ಹೊಟ್ಟೆಯೇ ದೊಡ್ಡದಿತ್ತು. ಸೇತುವೆಯನ್ನು ಮಾಮನ ಕೈಯಿಂದ ಬಿಡಿಸಿ ಅದರ ಜಾಗಕ್ಕಿಟ್ಟು, ಮೇಲೆ ಎರಡು ಆನೆ ನಿಲ್ಲಿಸುವಷ್ಟರಲ್ಲಿ ಬೂಟಿನ ಸದ್ದು ಒಳಗೇ ಬಂತು.

ಇನ್‌ಸ್ಪೆಕ್ಟರು ಆಂಧ್ರದ ಕಡೆಯವರು. ಹಲಗೆಯನ್ನು ಸುತ್ತು ಹಾಕಿ ನೋಡಿದರು. ಆನೆಗಳನ್ನು ಎತ್ತಿ ಸೇತುವೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಾಮಿಯ ಕಡೆ ತಿರುಗಿದರು.

"ಏನಮ್ಮಾ, ಪಕ್ಷದಾಗ ಬೊಮ್ಮಲು ಇಡ್ತಾರೇನಮ್ಮ? ದಸರಾಕ್ಕ ನಮ್ಮ ಮನ್ಯಾಗೂ ಇಡ್ತಾರ. ನನಗ ಗೊತ್ತಿಲ್ಲೇನು?"

ಮುಗಿಯಿತು ಎಂದುಕೊಂಡೆ. ಮಾಮಿ ಸುಳ್ಳು ಹೇಳಲಿಲ್ಲ.

"ಇಡೂದಿಲ್ರೀ. ಇವತ್ತು ಇವರನ್ನ ಕರಕೊಂಡು ಹೋದ್ರ, ನಾ ಆಮ್ಯಾಲೆ ಯಾವ ದಸರಾಕ್ಕ ಇಡ್ಲಿ?"

ಕೊನೆಗೆ ಇನ್‌ಸ್ಪೆಕ್ಟರು ಇಂಜಿನ್ ತೋರಿಸಿ, "ಓಡ್ತದೇನು?" ಎಂದು ಕೇಳಿದರು. ಮಾಮ ಕೀಲಿ ತಿರುಗಿಸಿದರು. ರೈಲು ರಾಜ–ರಾಣಿಯರ ನಡುವೆ ಹಾಯ್ದು, ದಿನಾ ಮಗುಚುತ್ತಿದ್ದ ತಿರುವನ್ನೂ ದಾಟಿ, ಕಿರ್ರ್ ಕಿರ್ರ್ ಅನ್ನುತ್ತ ಬಂದು ಶೆಟ್ಟಿಯ ಹೊಟ್ಟೆಗೆ ಗುದ್ದಿ ನಿಂತಿತು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ಲು ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರಿಗೂ ನಗು ತಡೆಯಲಾಗಲಿಲ್ಲ.

ಹೋಗುವಾಗ ಹೇಳಿದರು: "ಆ ಬ್ರಿಡ್ಜು ಮಾತ್ರ ಜಲ್ದಿ ತೆಗೀರಿ. ನನ್ನ ಹಿಂದ ಬರೋವ್ರಿಗೆ ಬೊಮ್ಮಲು ಗೊತ್ತಿರ್ತದೋ ಇಲ್ಲೋ."

ಅವರು ಬೀದಿ ದಾಟಿದ ಮೇಲೆ ಮಾಮ ನೆಲಕ್ಕೆ ಕೂತು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನನಗೂ ಹೋದ ಜೀವ ಬಂದಂತಾಗಿತ್ತು. ಮಾಮಿ ಮಾತ್ರ ರಾಜ–ರಾಣಿಯರನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಮತ್ತೆ ಸುತ್ತಿದರು. ಪೊಲೀಸರ ಭಯ ಇನ್ನೂ ಇಳಿದಿಲ್ಲ ಎಂದುಕೊಂಡೆ.

ಸ್ವರಾಜ್ಯ ಬಂತು. ಮಾಮ ಸೇತುವೆಯನ್ನು ಮತ್ತೆ ಕೂರಿಸಿದರು. ನನ್ನ ಮಕ್ಕಳು ಆ ರೈಲು ನೋಡುತ್ತಲೇ ಬೆಳೆದರು. ಬಹಳ ವರ್ಷಗಳ ನಂತರ, ಒಂದು ವೈಶಾಖದಲ್ಲಿ, ಮಾಮ ಊಟ ಮುಗಿಸಿ ಕಂಬಕ್ಕೆ ಒರಗಿದವರು ಏಳಲೇ ಇಲ್ಲ...

ಆ ಸಂಜೆ ಮಾಮಿಯ ಪಕ್ಕ ಕುಳಿತಿದ್ದೆ. ಅವರು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ವರ್ಷಾ ವರ್ಷಾ ಪಕ್ಷ ಬಂತಂದ್ರ ಸಾಕು, ಮುಗಿಯೋ ತನಕಾ ನನಗ ನಿದ್ದಿ ಇರ್ತಿದ್ದಿಲ್ಲವಾ. ಇವರು ಕೆಮ್ಮಿದ್ರೂ ಎದ್ದು ಕುಂದ್ರತಿದ್ದೆ. ಪಕ್ಷದಾಗ ಜೋಡಿ ಗೊಂಬಿ ಇಳಿಸಿದಾಕಿ ನಾನಲ್ಲೇನು? ಈಗ ನೋಡು, ವೈಶಾಖದಾಗ ಹೋದ್ರು. ಹೊಟ್ಟಿ ತುಂಬ ಉಂಡು ಹೋದ್ರು. ನನ್ನಿಂದ ಅಲ್ಲವಾ... ನನ್ನಿಂದ ಅಲ್ಲ."

ಗಂಡ ಸತ್ತ ದಿನ, ಅಳುತ್ತಲೇ, ಅವರ ಮುಖ ಸಡಿಲವಾಯಿತು. ಅಷ್ಟು ವರ್ಷ ಒಬ್ಬರೇ ಹೊತ್ತಿದ್ದ ಭಾರವನ್ನು ಅವರು ನನ್ನೆದುರೇ ಇಳಿಸಿದರು.

ಈಗ ಮಾಮಿಯೂ ಇಲ್ಲ. ಹಲಗೆಯನ್ನು ಗೆದ್ದಲು ತಿಂದಿತು, ಮನೆ ಯಾರ ಪಾಲಿಗೋ ಹೋಯಿತು. ಆ ಬೀದಿಗೆ ಹೋದರೆ ಮಾತಾಡಿಸಲು ನನಗೆ ಯಾರೂ ಉಳಿದಿಲ್ಲ. ಆದರೆ ಮಾಮಿ ಆ ಮಧ್ಯಾಹ್ನ ಮಾಡಬಾರದ್ದನ್ನು ಮಾಡಿದರಲ್ಲ, ಅದಕ್ಕಾಗಿ ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ.