ಅಣ್ಣನ ಕಾರಿಗೊಂದು ರೇಡಿಯೇಟರ್, ಅತ್ತಿಗೆಗೊಂದು ಸಾಕ್ಷಿ

ನನ್ನ ಅಣ್ಣನ ಕಾರು ಹುಟ್ಟಿದ್ದು ಅಮೆರಿಕದಲ್ಲಿ. ಎಂಟು ಸಿಲಿಂಡರಿನ ಎಂಜಿನ್, ಎರಡೇ ಬಾಗಿಲು, ಮಂಚದಷ್ಟು ಅಗಲದ ಬಾನೆಟ್, ಎಡಗಡೆ ಸ್ಟೀರಿಂಗ್. ಅದು ಬೆಂಗಳೂರಿಗೆ ಹೇಗೆ ಬಂತೆಂದು ಖಚಿತವಾಗಿ ಹೇಳಬಲ್ಲವರು ಈಗ ಯಾರೂ ಇಲ್ಲ. ಫ್ರೇಜರ್ ಟೌನಿನ ವ್ಯಾಪಾರಿ ಕುಟುಂಬವೊಂದರ ಶೆಡ್ಡಿನಲ್ಲಿ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಸ್ಥಿತಿಯಲ್ಲಿ ಅಣ್ಣನಿಗೆ ಸಿಕ್ಕಿತು. ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಅವನು ಅದನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ. ಈಗ ಅವನು ನಿವೃತ್ತ. ಹಲಸೂರಿನ ಮನೆಯಲ್ಲಿ ಕೆಳಗೆ ಅಣ್ಣ, ಅತ್ತಿಗೆ ಮತ್ತು ಕಾರು, ಮಹಡಿಯಲ್ಲಿ ನಾನು.

ಆಯುಧಪೂಜೆಯ ದಿನ ಆ ಕಾರಿಗೆ ಅತ್ತಿಗೆಯೇ ಹೂವು ಕಟ್ಟುವುದು. ಹಾರವಲ್ಲ, ಪರದೆ. ಚೆಂಡುಹೂವನ್ನು ಸಾಲುಸಾಲಾಗಿ ಪೋಣಿಸಿ, ಮುಂದಿನ ಜಾಲರಿಯ ಈ ತುದಿಯಿಂದ ಆ ತುದಿಗೆ, ಮದುಮಗನಿಗೆ ಬಾಸಿಂಗ ಕಟ್ಟಿದಂತೆ ಇಳಿಬಿಡುತ್ತಾರೆ. ಕುಂಬಳಕಾಯಿ ಒಡೆದ ಮೇಲೆ ಅಣ್ಣನೂ ನಾನೂ ಹಲಸೂರು ಕೆರೆಗೆ ಒಂದು ಸುತ್ತು ಹೋಗಿ ಬರುವುದು ರೂಢಿ. ಕಳೆದ ಸಲ ಕೆರೆ ದಾಟುವ ಮೊದಲೇ ಬಾನೆಟ್ಟಿನ ಅಂಚಿನಿಂದ ಆವಿ ಎದ್ದಿತು. ಅಣ್ಣ ಇಳಿದು, ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಅದು ಸಿಡಿಯಿತು. ಕುದಿಯುವ ನೀರು ಅವನ ಮುಂಗೈ ಮೇಲೆ ಬಿದ್ದದ್ದನ್ನು ನಾನು ಅವನ ಪಕ್ಕದಲ್ಲೇ ನಿಂತು ಕಂಡೆ.

ಅವನ ಕೈ ವಾಸಿಯಾಯಿತು. ನನಗೆ ಮಾತ್ರ ಹೆಚ್ಚು ಕಾಲ ಹಿಡಿಯಿತು. ಕುಕ್ಕರ್ ಸೀಟಿ ಹಾಕುವ ಮುನ್ನ ಒಂದು ಸಣ್ಣ ಸುಸ್ಸೆನ್ನುವ ಸದ್ದು ಬರುತ್ತದಲ್ಲ, ಅದು ಕೇಳಿದರೆ ಸಾಕು, ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದೆ.

ಅತ್ತಿಗೆ ತೀರ್ಪು ಕೊಟ್ಟರು. "ರೇಡಿಯೇಟರ್ ಬದಲಾಯಿಸಿ. ಆಮೇಲೆ ಕೆ.ಆರ್. ಪುರಕ್ಕೆ ಹೋಗಿ ವಾಪಸ್ ಬನ್ನಿ. ದಾರೀಲಿ ಎಲ್ಲೂ ಕುದೀಬಾರ್ದು, ನೀವು ಎಲ್ಲೂ ನಿಲ್ಲಿಸ್ಬಾರ್ದು. ಕುದೀತು ಅಂದ್ರೆ ಕಾರು ಮನೆ ಬಿಡತ್ತೆ."

"ಕುದೀತೋ ಇಲ್ವೋ ನಾನೇ ಬಂದು ಹೇಳ್ತೀನಿ," ಎಂದ ಅಣ್ಣ.

"ನೀವು ಹೇಳೋದನ್ನ ನಂಬ್ತೀನಾ ರೀ? ಇವಳು ಕೂತ್ಕೊಂಡು ನೋಡ್ಲಿ. ಇವಳು ಕಂಡಿದ್ದಷ್ಟೇ ಹೇಳೋದು."

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ಕಂಡದ್ದನ್ನು ಕಂಡಷ್ಟೇ ಬರೆದು ಅಭ್ಯಾಸ. ಹಾಗಾಗಿ, ಆ ಕಾರಿನಲ್ಲಿ ಇನ್ನು ಕೂರಲಾರೆ ಎಂದುಕೊಂಡಿದ್ದವಳೇ ಅದರ ಅಧಿಕೃತ ಸಾಕ್ಷಿಯಾದೆ.

ಶಿವಾಜಿನಗರದಲ್ಲಿ ಅಣ್ಣನಿಗೆ ಬಹುಕಾಲದಿಂದ ಗೊತ್ತಿರುವ ಒಂದು ರೇಡಿಯೇಟರ್ ಅಂಗಡಿಯಿದೆ. ಗೋಡೆಯ ತುಂಬ ಲಾರಿ, ಜೀಪು, ಜನರೇಟರುಗಳ ರೇಡಿಯೇಟರುಗಳು ತೂಗುತ್ತಿರುತ್ತವೆ. ನಮ್ಮ ಹಳೆಯದನ್ನು ಬಿಚ್ಚಿ ಒಯ್ದಿದ್ದೆವು. ಅಂಗಡಿಯ ಭಾಯಿ ಅದನ್ನು ಮಗುಚಿ ನೋಡಿದರು. ಅಡಿಯ ಮೂಲೆಯಲ್ಲಿ ಹಸಿರು ಕಿಲುಬು, ನೀರು ಜಿನುಗಿದ ಗುರುತು. ಕೊಳವೆಗಳ ನಡುವೆ, ಬೆರಳು ತಾಗಿದರೆ ಉದುರುವ ತೆಳು ತಗಡಿನ ರೆಕ್ಕೆಗಳು.

ಮುಂದೆ ಮೂರು ದಾರಿಗಳಿದ್ದವು. ಒಂದು, ಹೊರದೇಶದಿಂದ ಬರುವ ಸಿದ್ಧ ಅಲ್ಯೂಮಿನಿಯಂ ರೇಡಿಯೇಟರ್. ಎರಡು, ಜೀಪಿನದನ್ನು ಕತ್ತರಿಸಿ ಕೂರಿಸುವುದು. ಮೂರು, ಮೇಲಿನ ಕೆಳಗಿನ ಹಿತ್ತಾಳೆಯ ತೊಟ್ಟಿಗಳನ್ನು ಉಳಿಸಿಕೊಂಡು, ನಡುವೆ ನೀರು ಹರಿಯುವ ಕೊಳವೆಗಳ ಭಾಗವನ್ನು ಮಾತ್ರ ತಾಮ್ರದಲ್ಲಿ ಹೊಸದಾಗಿ ಕಟ್ಟಿಸುವುದು.

ಅಣ್ಣನ ಮನಸ್ಸು ಅಲ್ಯೂಮಿನಿಯಮ್ಮಿನ ಕಡೆಗೇ ಇತ್ತು. ಬದುಕಿಡೀ ವಿಮಾನ ಕಟ್ಟಿದವನಿಗೆ ಲೋಹವೆಂದರೆ ಅದೊಂದೇ. "ಅರ್ಧ ತೂಕ ಭಾಯಿ. ಹಾರತ್ತೆ," ಎಂದ.

"ಹಾರಿಸೋಕೆ ಓಲ್ಡ್ ಮದ್ರಾಸ್ ರೋಡಲ್ಲಿ ಜಾಗ ಎಲ್ಲೈತೆ ಸಾರ್?" ಎಂದರು ಭಾಯಿ. "ಜೀಪಿಂದು ತಗೊಳ್ಳಿ. ಗಟ್ಟಿ ಮಾಲು."

"ಜೀಪಿಂದಾ? ರಾಜನಿಗೆ ಬಾಡಿಗೆ ಕಿರೀಟ ಹಾಕ್ದಂಗಾಗತ್ತೆ."

"ನಿಮ್ಮ ರಾಜ ಕೆರೆ ಏರಿ ಮೇಲೆ ಟೀ ಕಾಯಿಸ್ತಾ ನಿಂತಿದ್ದನಂತಲ್ಲ? ಇಲ್ಲೀವರೆಗೂ ಸುದ್ದಿ ಬಂದೈತೆ."

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ; ಹಳೆಯ ಮುಚ್ಚಳ ಬೆಂಚಿನ ಮೇಲಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಭಾಯಿ ಗಮನಿಸಿರಬೇಕು. ಆ ಮುಚ್ಚಳವನ್ನು ಎತ್ತಿ ಗುಜರಿ ಡಬ್ಬಕ್ಕೆ ಹಾಕಿ, "ಇದು ನಕ್ಕೋ, ಬೇಡವೇ ಬೇಡ ಅಕ್ಕಾ. ಹೊಸದು ಹಾಕೋಣ," ಎಂದರು.

ಕೊನೆಗೆ ತೀರ್ಮಾನ ಮಾಡಿಸಿದ್ದು ಹಳೆಯ ತೊಟ್ಟಿಯೇ. ಭಾಯಿ ಅದರ ಮೇಲಿನ ಕಪ್ಪು ಬಣ್ಣವನ್ನು ಒಂದು ಕಡೆ ಉಜ್ಜಿದಾಗ ಒಳಗಿನ ಹಿತ್ತಾಳೆ ದೇವರ ಮನೆಯ ದೀಪದಂತೆ ಹೊಳೆಯಿತು. ಅಣ್ಣ ಅದರ ಮೇಲೆ ಹೆಬ್ಬೆರಳು ಆಡಿಸಿದ, ಮತ್ತೊಮ್ಮೆ ಆಡಿಸಿದ. "ತಾಮ್ರದಲ್ಲೇ ಕಟ್ಬಿಡಿ," ಎಂದ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಇರುವ ಜಾಗವನ್ನು ಅಳೆದುಕೊಂಡು ಬಂದಿದ್ದೆವು. ಹಳೆಯದರಲ್ಲಿ ಮೂರು ಸಾಲು ಕೊಳವೆ ಇದ್ದವು. ನಾಲ್ಕು ಸಾಲು ಹಾಕಿದರೂ ಫ್ಯಾನು ತಾಗುವುದಿಲ್ಲ ಎಂದು ಖಚಿತವಾಯಿತು.

ಕಟ್ಟಿ ಮುಗಿದ ದಿನ ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಳಗೆ ಗಾಳಿ ತುಂಬಿದರು. ಎಲ್ಲಾದರೂ ಸೋರುವಂತಿದ್ದರೆ ಗುಳ್ಳೆ ಏಳಬೇಕು. ನಾನು ತೊಟ್ಟಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತೆ.

"ಮೀನು ಹಿಡಿಯೋಕೆ ಕೂತಂಗೆ ಕೂತಿದ್ದೀರಲ್ಲ ಅಕ್ಕಾ," ಎಂದರು ಭಾಯಿ.

ಒಂದು ಗುಳ್ಳೆಯೂ ಏಳಲಿಲ್ಲ. ನೀರು ಸುಮ್ಮನಿತ್ತು. ಎಷ್ಟೋ ದಿನಗಳ ಮೇಲೆ ನಾನೂ ಹಾಗೆ ಸುಮ್ಮನಿದ್ದೆ.

ಪರೀಕ್ಷೆಯ ಬೆಳಿಗ್ಗೆ ಕೆಳಗಿಳಿದಾಗ ಕಾರಿನ ಮುಖ ಕಾಣುತ್ತಿರಲಿಲ್ಲ. ಹೊಸ ರೇಡಿಯೇಟರಿಗೆ ಪೂಜೆಯಾಗಬೇಕೆಂದು ಅತ್ತಿಗೆ ಮತ್ತೆ ಪರದೆ ಕಟ್ಟಿದ್ದರು, ಕಳೆದ ಸಲಕ್ಕಿಂತ ದಟ್ಟವಾಗಿ. ಕಾರನ್ನು ಮನೆ ಬಿಡಿಸುತ್ತೇನೆಂದವರು ನಸುಕಿನಲ್ಲೇ ಎದ್ದು ಅದರ ಗೆಲುವಿಗೆ ಹೂವು ಪೋಣಿಸಿದ್ದರು. ಅವರ ಬೆರಳ ತುದಿಗಳು ಹಳದಿಯಾಗಿದ್ದವು.

ಅಣ್ಣ ಎಡಕ್ಕೆ, ನಾನು ಬಲಕ್ಕೆ. ನಮ್ಮ ರಸ್ತೆಗಳಲ್ಲಿ ಚಾಲಕ ಕೂರುವ ಜಾಗದಲ್ಲಿ ನಾನು ಕೈಕಟ್ಟಿ ಕೂತಿರುವುದನ್ನು ಕಂಡು ಸ್ಕೂಟರಿನವರು ಹೌಹಾರಿ ಪಕ್ಕಕ್ಕೆ ಸರಿಯುವುದು ಮಾಮೂಲು. ನನ್ನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು. ಇಂದಿರಾನಗರದ ತಿರುವಿನವರೆಗೆ ಅದು ನಡುವಿನಲ್ಲೇ ನಿಂತಿತ್ತು. ಅಣ್ಣ ಸಿಳ್ಳೆ ಹಾಕುತ್ತಿದ್ದ. ಮುಂದೆ ವಾಹನಗಳು ಒತ್ತಾದವು, ಮುಳ್ಳು ಮೆಲ್ಲಗೆ ಏರತೊಡಗಿತು. ಕೆ.ಆರ್. ಪುರದ ತೂಗುಸೇತುವೆ ಕಾಣುವ ಹೊತ್ತಿಗೆ ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು. ಸಿಳ್ಳೆ ನಿಂತಿತು.

ಆಗ ಒಂದು ವಾಸನೆ ಬಂತು. ಎಣ್ಣೆಯದಲ್ಲ, ರಬ್ಬರಿನದೂ ಅಲ್ಲ. ಒಗರು, ಬೆಂದ ಸೊಪ್ಪಿನಂಥದು. ಕೆರೆಯ ಬಳಿ ಆವಿ ಏಳುವುದಕ್ಕೆ ಸ್ವಲ್ಪ ಮೊದಲು ಇದೇ ವಾಸನೆ ಬಂದಿತ್ತು. ಓಡಿಹೋಗಬೇಕೆನಿಸಿತು. ಓಡುವ ಬದಲು, ಅದು ಯಾವ ವಾಸನೆ ಎಂದು ಯೋಚಿಸಿದೆ.

"ಅಣ್ಣಾ, ಚೆಂಡುಹೂವು ಬೇಯ್ತಾ ಇದೆ."

"ಏನು?"

"ಫ್ಯಾನು ಹೂವಿನ ಪರದೇನ ಒಳಗೆಳ್ಕೊಂಡು ಜಾಲರಿಗೆ ಅಂಟಿಸ್ಕೊಂಡಿದೆ. ಗಾಳಿ ಹೋಗೋಕೆ ದಾರಿ ಇಲ್ಲ. ನಾನು ಇಳಿದು ತೆಗೀತೀನಿ."

"ನಿಲ್ಲಿಸಿದ್ರೆ ಸೋತಂಗೆ ಕಣೇ. ನಿಮ್ಮ ಅತ್ತಿಗೆ ಷರತ್ತು."

ಅಷ್ಟರಲ್ಲಿ ಇಡೀ ರಸ್ತೆಯೇ ನಿಂತಿತು. ನಾವು ನಿಲ್ಲಿಸಿದ್ದಲ್ಲ. ಮುಂದೆ ಬಸ್ಸು, ಹಿಂದೆ ಟ್ಯಾಂಕರ್, ಪಕ್ಕದಲ್ಲಿ ಆಟೊ. ಬಾಗಿಲು ತೆರೆದು ಇಳಿದೆ.

ಆಟೊದವನು ತಲೆ ಹೊರಗೆ ಹಾಕಿದ. "ಏನ್ ಮೇಡಂ, ಡ್ರೈವರೇ ಇಳಿದ್ಬಿಟ್ರೆ ಗಾಡಿ ಯಾರು ಓಡಿಸ್ತಾರೆ?"

"ಅದೇ ಓಡತ್ತೆ," ಎಂದೆ. ಹಾಗೆ ಹೇಳಿದ್ದು ನಾನೇ ಎಂದು ನನಗೇ ಆಶ್ಚರ್ಯವಾಯಿತು.

ಕಾರಿನ ಮುಂದೆ ಹೋಗಿ ನಿಂತೆ. ಮುಚ್ಚಳವಿದ್ದದ್ದು ಬಾನೆಟ್ಟಿನ ಒಳಗೆ, ನನ್ನ ಎದೆಯ ಮಟ್ಟದಲ್ಲಿ. ಒಂದು ಬದಿಯ ಗಂಟು ಬಿಚ್ಚಿದೆ, ಇನ್ನೊಂದು ಬದಿಯದು ಬಿಚ್ಚಿದೆ. ಪರದೆ ಜಾಲರಿಯಿಂದ ಬಿಡಿಸಿಕೊಳ್ಳಲು ತುಸು ಹಟ ಮಾಡಿ, ಕೈಗೆ ಬಂತು. ಆಗತಾನೆ ಇಳಿಸಿದ ಇಡ್ಲಿಯ ಬಟ್ಟೆಯಷ್ಟು ಬೆಚ್ಚಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೂತೆ. ಅಣ್ಣನೂ ನಾನೂ ಮುಳ್ಳನ್ನೇ ನೋಡಿದೆವು. ಅದು ಸ್ವಲ್ಪ ಹೊತ್ತು ಇದ್ದಲ್ಲೇ ಇತ್ತು. ಆಮೇಲೆ ಕೂದಲೆಳೆಯಷ್ಟು ಇಳಿಯಿತು. ಬಸ್ಸು ಕದಲುವಷ್ಟರಲ್ಲಿ ನಡುವಿಗೆ ಬಂದು ನಿಂತಿತು. ಅಣ್ಣ ಸ್ಟೀರಿಂಗಿಗೆ ಹಣೆ ತಾಗಿಸಿ ನಕ್ಕ. ಎಂಟು ಸಿಲಿಂಡರುಗಳೂ ಅವನ ಜೊತೆಗೇ ಗುಡುಗುಟ್ಟಿದವು. ನನಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಕೆ.ಆರ್. ಪುರ ಮುಟ್ಟಿ ವಾಪಸ್ ಹಲಸೂರಿಗೆ ಬರುವವರೆಗೆ ಮುಳ್ಳು ಅಲ್ಲಾಡಲಿಲ್ಲ.

ಅತ್ತಿಗೆ ಗೇಟಿನಲ್ಲೇ ನಿಂತಿದ್ದರು. ಅಣ್ಣನತ್ತ ನೋಡಲೇ ಇಲ್ಲ. "ನೀನು ಹೇಳು. ಕುದೀತಾ?"

"ಕುದೀಲಿಲ್ಲ. ಮುಳ್ಳು ಕೆಂಪು ಗೆರೆ ಹತ್ರ ಹೋಗಿತ್ತು. ಜಾಮಲ್ಲಿ ಇಳಿದು ಈ ಪರದೆ ತೆಗೆದೆ. ಮುಳ್ಳು ಇಳೀತು."

ಅವರು ಪರದೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕಂದಿದ ಒಂದು ಹೂವನ್ನು ಹಿಸುಕಿ ಮೂಸಿದರು. ಮುಖ ಸಣ್ಣದಾಯಿತು. "ಹಂಗಾದ್ರೆ ಅವತ್ತೂ ಇದೇ..."

"ಅವತ್ತು ಈ ವಾಸನೆ ಬಂದಿದ್ದು ನಿಜ ಅತ್ತಿಗೆ. ಹಳೇ ರೇಡಿಯೇಟರ್ ಸೋರ್ತಿತ್ತು ಅನ್ನೋದೂ ನಿಜ. ಯಾವುದರಿಂದ ಎಷ್ಟು ಅಂತ ನಂಗೊತ್ತಿಲ್ಲ."

ಅಣ್ಣ ಬಾನೆಟ್ಟನ್ನು ಒರೆಸುವವನಂತೆ ನಟಿಸುತ್ತಿದ್ದ. ಅವನ ಭುಜಗಳು ಕುಲುಕುತ್ತಿದ್ದವು.

"ನಗಾಡಿದ್ರೆ ನೋಡಿ ಮತ್ತೆ," ಎಂದರು ಅತ್ತಿಗೆ, ಅಷ್ಟರಲ್ಲಿ ತಾವೇ ನಕ್ಕುಬಿಟ್ಟರು. "ನಾನೇ ಬಾಯಿಗೆ ಬಟ್ಟೆ ತುರುಕಿ, ಉಸಿರಾಡಲ್ಲ ಅಂತ ಬೈದೆ ಅಂತಾಯ್ತು."

ಪರದೆಯನ್ನು ಕಾಂಪೌಂಡಿನ ಮೇಲೆ ಹಾಸಿ, ಕೆಡದ ಹೂವೊಂದನ್ನು ಆರಿಸಿ ವೈಪರಿಗೆ ಸಿಕ್ಕಿಸಿದರು. ನಾನು ಇಳಿದ ಬಲಗಡೆಯ ಬಾಗಿಲನ್ನು ತೆರೆದು ಹತ್ತಿ ಕೂತು, ಸೆರಗು ಒಳಗೆಳೆದುಕೊಂಡರು.

"ನಡೀರಿ. ಕೆರೆಗೆ ಒಂದು ಸುತ್ತು ಬಾಕಿ ಇದೆ. ನೀನೂ ಹತ್ತು ಕಣೇ."

ಅಣ್ಣನ ಸೀಟನ್ನು ಮುಂದಕ್ಕೆ ಬಾಗಿಸಿ, ನಾನು ಹಿಂದಿನ ಸೀಟಿಗೆ ಹತ್ತಿದೆ. ಅಲ್ಲಿಂದ ಮುಳ್ಳು ಕಾಣುವುದಿಲ್ಲ. ಕೆರೆ ಮಾತ್ರ ಚೆನ್ನಾಗಿ ಕಾಣುತ್ತದೆ.