ಕುರ್ಚಿಯ ಕಡೆ ಮುಖಮಾಡಿದ ತರಬೇತಿ

ಭಾರ ಎತ್ತುವ ಕಂಬಿಯ ನಡುಭಾಗಕ್ಕೆ ನೀಲಿ ಟವೆಲ್ಲಿನ ತುಂಡೊಂದನ್ನು ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದರು. ಹುಡುಗಿಯರ ಕತ್ತಿನ ಮೂಳೆಗೆ ಕಬ್ಬಿಣ ಒತ್ತದಿರಲಿ ಎಂದು. ನಮ್ಮ ಕೋಚ್ ನಮಗೆ ತೋರಿದ ದಯೆ ಅಷ್ಟೇ.

ಕ್ರೀಡಾಂಗಣದ ಗ್ಯಾಲರಿಯ ಕೆಳಗೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ನಮ್ಮ ಜಿಮ್ ಇತ್ತು. ದೆಹಲಿಯ ರಸ್ತೆಗಳ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ವಿಶ್ವವಿದ್ಯಾಲಯದ ತಂಡಕ್ಕೆ ಜಾವೆಲಿನ್ ಎಸೆಯಬೇಕು ಎಂಬುದೊಂದೇ ಆಸೆ. ಹಿಂದೆ ಎರಡು ಸಲ ಅಂಚಿನಲ್ಲಿ ತಪ್ಪಿಹೋಗಿತ್ತು. ಈ ಚಳಿಗಾಲದ ಆಯ್ಕೆಯೇ ಕಡೆಯದು. ಅದು ಕಳೆದರೆ ನಾನು ವಿದ್ಯಾರ್ಥಿನಿಯೂ ಅಲ್ಲ, ಎಸೆತಗಾರ್ತಿಯೂ ಅಲ್ಲ. ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಿಂದ ಬೆಳಗಿನ ಬಸ್ಸಿಗೆ ನನ್ನ ಜೊತೆ ತಂಗಿಯೂ ಬರುತ್ತಿದ್ದಳು. ಒಂಬತ್ತನೇ ತರಗತಿಯ ಹುಡುಗಿ. ತೋಳು ನನಗಿಂತ ಉದ್ದ. ಅವಳ ಕೈಗೆ ಆಗಿನ್ನೂ ಕಂಬಿ ಕೊಟ್ಟಿರಲಿಲ್ಲ, ಬರಿಯ ಬಿದಿರು ಕೋಲು ಕೊಟ್ಟಿದ್ದರು.

ಕೋಚ್ ಒಂದು ಕಾಲದ ವೇಟ್‌ಲಿಫ್ಟರ್, ಹರಿಯಾಣದ ಕಡೆಯವರು. ಎಸೆಯುವವರಿಗೆ ಬೇಕಾದದ್ದು ಭುಜ, ಭುಜ ಬರುವುದು ಕಂಬಿಯನ್ನು ಕತ್ತಿನ ಹಿಂದಿನಿಂದ ತಲೆಯ ಮೇಲಕ್ಕೆ ಎತ್ತುವುದರಿಂದ ಎಂದು ಅವರು ನಂಬಿದ್ದರು. ಬಗ್ಗಿ ನಿಂತು ಭಾರವನ್ನು ಹೊಟ್ಟೆಯತ್ತ ಎಳೆಯುವಂಥ, ಬೆನ್ನಿಗೆ ಕೆಲಸ ಕೊಡುವಂಥ ಯಾವುದನ್ನೂ ಮಾಡಿಸುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

“ಬೆನ್ನು ಯಾರು ನೋಡ್ತಾರೆ ಬೇಟಾ?” ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಉಳಿದವರೂ ನಕ್ಕರು.

ನೋಡುವವರಂತೂ ಇದ್ದರು. ಯಾವ ಅಧಿಕಾರಿ ಕ್ರೀಡಾಂಗಣಕ್ಕೆ ಬಂದರೂ ಅವರನ್ನು ಕೋಚ್ ಜಿಮ್ಮಿಗೆ ಕರೆತಂದು, ಪ್ಲಾಸ್ಟಿಕ್ ಕುರ್ಚಿ ಹಾಕಿ, ಚಹಾ ತರಿಸಿ, ನಮ್ಮಲ್ಲೊಬ್ಬಳನ್ನು ಕಂಬಿಯ ಕೆಳಗೆ ನಿಲ್ಲಿಸುತ್ತಿದ್ದರು. ಜಾವೆಲಿನ್ ಮೈದಾನದ ಆಚೆ ತುದಿಯಲ್ಲಿ ಮಂಜಿನೊಳಗೆ ಎಲ್ಲೋ ಬೀಳುತ್ತದೆ, ಶಾಲು ಹೊದ್ದ ಅತಿಥಿಗೆ ಕಾಣುವುದಿಲ್ಲ. ತಲೆಯ ಮೇಲೆ ಭಾರ ಹಿಡಿದು ನಡುಗುವ ಹುಡುಗಿ ಚೆನ್ನಾಗಿ ಕಾಣುತ್ತಾಳೆ. ಹೀಗೆ ನಮ್ಮ ತರಬೇತಿಯೆಲ್ಲ ನಿಧಾನವಾಗಿ ಆ ಕುರ್ಚಿಯ ಕಡೆಗೆ ಮುಖ ಮಾಡಿಬಿಟ್ಟಿತ್ತು. ನಾವು ಎಸೆಯುವುದಕ್ಕಾಗಿ ಎತ್ತುತ್ತಿರಲಿಲ್ಲ, ತೋರಿಸುವುದಕ್ಕಾಗಿ ಎತ್ತುತ್ತಿದ್ದೆವು.

ದೀಪಾವಳಿಯ ಹೊತ್ತಿಗೆ ನನ್ನ ಬಲಭುಜದ ಹಿಂಬದಿಯಲ್ಲಿ ನೋವು ಶುರುವಾಯಿತು. ಎಸೆಯುವಾಗ ಅಲ್ಲ, ಎಸೆದಾದ ಮೇಲೆ, ತೋಳು ನಿಲ್ಲುವಾಗ. ಗ್ರಂಥಾಲಯದಲ್ಲಿ ಅಂಗರಚನೆಯ ಪುಸ್ತಕ ತೆಗೆದು ನೋಡಿದೆ. ತೋಳನ್ನು ಬೀಸುವ ಸ್ನಾಯುಗಳು ಮುಂದಿನವು, ದೊಡ್ಡವು. ಬೀಸಿದ ತೋಳನ್ನು ಹಿಡಿದು ನಿಲ್ಲಿಸುವವು ಹಿಂದಿನವು, ಚಿಕ್ಕವು. ನಮ್ಮ ಗಾಡಿಗೆ ಎಂಜಿನ್ ಮಾತ್ರ ಕಟ್ಟಿದ್ದರು, ಬ್ರೇಕ್ ಹಾಕಿರಲಿಲ್ಲ. ಅಂದಿನಿಂದ ಸಂಜೆ ಮನೆಯಲ್ಲಿ ನೀರು ತುಂಬಿದ ಬಕೆಟ್ಟನ್ನು ಬಗ್ಗಿ ಎಳೆಯತೊಡಗಿದೆ. “ಬಾವಿ ಸೇದ್ತಿದೀಯೇನೇ?” ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಆಯ್ಕೆ ಹತ್ತಿರ ಬರುವಾಗ ನೋವು ಇಳಿದಿತ್ತು. ಜಾವೆಲಿನ್ ದೂರ ಹೋಗುತ್ತಿತ್ತು. ಆಗುತ್ತದೆ ಎಂದು ಮೊದಲ ಬಾರಿಗೆ ಅನ್ನಿಸಿತು.

ಭಾನುವಾರ ಆಯ್ಕೆ. ಶುಕ್ರವಾರ ಅತಿಥಿಯೊಬ್ಬರು ಬಂದರು. ಕೋಚ್ ನನ್ನನ್ನೇ ಕರೆದರು.

“ಸರ್‌ಜೀ, ಭುಜ ಈಗಷ್ಟೇ ಸರಿಹೋಗ್ತಿದೆ. ನಾಡಿದ್ದು ಟ್ರಯಲ್,” ಎಂದೆ ಮೆಲ್ಲಗೆ.

“ಅರೇ, ನಮ್ಮ ಇಡ್ಲಿ ಮೆತ್ತಗಾಗಿಬಿಟ್ಟಳು!” ಅವರು ಅತಿಥಿಯ ಕಡೆ ತಿರುಗಿದರು. “ಮದ್ರಾಸಿ ಹುಡುಗಿ, ಸಾಹೇಬ್. ಅನ್ನ ತಿಂದು ಬೆಳೆದ ಭುಜ. ಅದನ್ನ ನಾನು ಕಬ್ಬಿಣ ಮಾಡಿದೀನಿ. ಚಲೋ ಬೇಟಾ, ತೋರಿಸು.”

ಅತಿಥಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, “ಬೇಡ ಅಂದ್ರೆ ಬಿಡಿ,” ಎಂದರು.

“ಬಿಡೋದೇನು? ಇವಳು ಮಾಡದಿದ್ರೆ ಚಿಕ್ಕವಳು ಮಾಡ್ತಾಳೆ.”

ತಂಗಿ ಆಗಲೇ ಎದ್ದು ನಿಂತಿದ್ದಳು. “ಮೈಂ ಕರೂಂ, ಸರ್‌ಜೀ?” ನಾನು ಮಾಡಲೇ ಎಂದು ಕೇಳಿದಳು. ಅವಳ ಮುಖ ಅರಳಿತ್ತು.

ನಾನು ಕಂಬಿಯ ಕೆಳಗೆ ಹೋದೆ. ಭಾರ ಮೇಲೇನೋ ಹೋಯಿತು. ಕತ್ತಿನ ಹಿಂದಕ್ಕೆ ಇಳಿಸುವಾಗ ಭುಜದೊಳಗೆ ಒದ್ದೆ ಬಟ್ಟೆ ಹರಿದಂತಾಯಿತು. ಆ ಸದ್ದು ಕೇಳಿದ್ದು ನನಗೊಬ್ಬಳಿಗೆ. ಅತಿಥಿ ಕಪ್ಪನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಭಾನುವಾರ ಅಪ್ಪ ಮೊಟ್ಟಮೊದಲ ಬಾರಿಗೆ ನನ್ನ ಎಸೆತ ನೋಡಲು ಬಂದರು, ಮಫ್ಲರ್ ಸುತ್ತಿಕೊಂಡು, ಅಮ್ಮ ಕಟ್ಟಿಕೊಟ್ಟ ಚಪಾತಿಯ ಡಬ್ಬಿ ಹಿಡಿದುಕೊಂಡು. ಮೊದಲ ಎಸೆತ ಶಾಲೆಯ ಹುಡುಗಿಯರ ಎಸೆತಕ್ಕಿಂತ ಹತ್ತಿರ ಬಿತ್ತು. ಎರಡನೆಯದಕ್ಕೆ ತೋಳು ಕಿವಿಯ ಮಟ್ಟಕ್ಕೂ ಏಳಲಿಲ್ಲ. ಜಾವೆಲಿನ್ನನ್ನು ಹುಲ್ಲಿನ ಮೇಲೆ ಇಟ್ಟು ಹೊರಗೆ ಬಂದೆ.

ಕೋಚ್ ಅಪ್ಪನ ಬಳಿ ಬಂದರು. “ನಿಮ್ಮ ದೊಡ್ಡವಳು ಓದೋಕೆ ಸರಿ. ಎದೆಗಾರಿಕೆ ಇಲ್ಲ. ಚಿಕ್ಕವಳನ್ನ ನನಗೆ ಬಿಡಿ, ನಾಳೆಯಿಂದಲೇ ಕಂಬಿ ಹಿಡಿಸ್ತೀನಿ.”

“ಜೀ ಸರ್. ಬಿಲ್ಕುಲ್ ಸರ್. ನೀವು ಹೇಳಿದ ಹಾಗೇ,” ಎಂದರು ಅಪ್ಪ. ಸೆಕ್ಷನ್ ಆಫೀಸರ್ ಎದುರು ನಿಂತಾಗ ಅವರಿಗೆ ಬರುವ ದನಿ ಅದು.

ಬಸ್ಸಿನಲ್ಲಿ ಹೇಳಿದೆ: “ಅಪ್ಪ, ಭುಜ ಹರಿದದ್ದು ಅವರಿಂದಲೇ.”

“ಇರಬಹುದು ಪುಟ್ಟಿ. ಹಾಗಂತ ಅವರ ಮುಖಕ್ಕೆ ಹೇಳಕ್ಕಾಗತ್ತಾ? ನಾಳೆ ನಿನ್ನ ತಂಗಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟು ಸಿಗಬೇಕಾದ್ರೆ ಅವರೇ ಬೇಕು.”

ಅಪ್ಪ ಒಳ್ಳೆಯವರು. ಅವರ ಒಳ್ಳೆಯತನ ನನ್ನ ಯಾವ ಕೆಲಸಕ್ಕೂ ಬರಲಿಲ್ಲ. ಉಳಿದ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಹೊರಗೆ ನೋಡುತ್ತಿದ್ದರು.

ಸಂಜೆ ಅಮ್ಮ ನನ್ನ ಭುಜಕ್ಕೆ ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದಾಗ ತಂಗಿಗೆ ಎಲ್ಲ ವಿವರಿಸಿದೆ: ಮುಂದಿನ ಸ್ನಾಯು, ಹಿಂದಿನ ಸ್ನಾಯು, ಬ್ರೇಕ್. ಅವಳು ಬೂಟಿನ ದಾರ ಬಿಚ್ಚುತ್ತ ಕೇಳಿಸಿಕೊಂಡಳು.

“ಅಕ್ಕ, ನೀನು ಹರ್ ಚೀಜ್ ಮೇಂ ಥಿಯರಿ, ಎಲ್ಲದಕ್ಕೂ ಥಿಯರಿ ಹೇಳ್ತೀಯ. ನೀನು ವೀಕ್ ಇದ್ದೆ, ಬಸ್, ಅಷ್ಟೇ. ಸರ್‌ಜೀನೂ ಅದೇ ಹೇಳಿದ್ರು.”

“ಹಾಗೆಲ್ಲ ಮಾತಾಡ್ಬಾರ್ದು ಕಣೇ,” ಎಂದಳು ಅಮ್ಮ. ಯಾವುದು ತಪ್ಪು ಎಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಲಾರಂ ಹೊಡೆಯುವ ಮೊದಲೇ ಅದನ್ನು ನಿಲ್ಲಿಸಿದೆ. ತಂಗಿ ಎದ್ದಾಗ ಬಸ್ಸು ಹೋಗಿತ್ತು. ಬಾಗಿಲಲ್ಲಿ ನಿಂತು ಅಳುತ್ತ, “ಜಲ್ತೀ ಹೋ ತುಮ್! ಹೊಟ್ಟೆಕಿಚ್ಚು ನಿನಗೆ!” ಎಂದು ಕೂಗಿದಳು. ನಾನು ಕೋಚ್ ಅವರಿಗೆ ಫೋನ್ ಮಾಡಿ, ಚಿಕ್ಕವಳು ಇನ್ನು ಬರುವುದಿಲ್ಲ ಎಂದೆ.

“ಹಾಗಂತ ಯಾರು ಹೇಳಿದ್ರು? ನಿಮ್ಮಪ್ಪನಿಗೆ ಫೋನ್ ಕೊಡು,” ಎಂದರು ಅವರು.

ಅಪ್ಪ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ನನ್ನನ್ನೇ ನೋಡುತ್ತಿದ್ದರು. ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು.

“ಅಪ್ಪ ಆಫೀಸಿಗೆ ಹೋದರು,” ಎಂದು ಹೇಳಿ, ಎಡಗೈಯಲ್ಲಿ ಫೋನ್ ಇಟ್ಟೆ.